ಮಗಳು ಭಾನುವಾರ ಪ್ರಾಣಿ ಆಶ್ರಯಕ್ಕೆ ಹೋಗುತ್ತೇನೆ ಎನ್ನುತ್ತಾಳೆ, ಕಳುಹಿಸಲೇ?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಪ್ರತಿ ಭಾನುವಾರ ಊರ ಹೊರಗಿನ ಒಂದು ಪ್ರಾಣಿ ಆಶ್ರಯ ಕೇಂದ್ರಕ್ಕೆ ಸ್ವಯಂಸೇವಕಿಯಾಗಿ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಮುಂದೆ ಪಶುವೈದ್ಯೆ ಆಗಬೇಕೆಂಬ ಆಸೆ ಅವಳದು. ನನಗೆ ರೇಬಿಸ್ ಭಯ. ಮನೆಯಲ್ಲಿ ಮೂರು ತಿಂಗಳ ಒಂದು ನಾಯಿಮರಿಯೂ ಇದೆ. ನಮ್ಮ ಅತ್ತೆಯವರು ಮಡಿ ಮೈಲಿಗೆ ಪಾಲಿಸುವವರು. ‘ನಾಯಿಗೂಡು ತೊಳೆಯುವುದಕ್ಕೆ ಹುಡುಗಿಯನ್ನು ಇಷ್ಟು ಓದಿಸಬೇಕಿತ್ತೇ’ ಎನ್ನುತ್ತಾರೆ. ಕಳುಹಿಸಲೇ, ಬೇಡವೇ? ಕಳುಹಿಸಿದರೆ ಏನೇನು ಎಚ್ಚರ ವಹಿಸಬೇಕು? ಇದರಿಂದ ಪಶುವೈದ್ಯಕೀಯ ಸೀಟಿಗೆ ಅನುಕೂಲವಾಗುತ್ತದೆಯೇ?
(ಒಬ್ಬ ತಾಯಿ, ಬೆಂಗಳೂರು)

ಉತ್ತರ: ಕಳುಹಿಸಿ. ಆದರೆ ಈ ಭಾನುವಾರ ಬೇಡ, ಒಂದು ತಿಂಗಳು ತಡೆಯಿರಿ. ಆ ತಿಂಗಳಲ್ಲಿ ಆಗಬೇಕಾದ ಒಂದು ಕೆಲಸವಿದೆ. ಉಳಿದದ್ದನ್ನು ಓದಲು ಪುರುಸೊತ್ತಿಲ್ಲದಿದ್ದರೂ ಇದಿಷ್ಟನ್ನು ಓದಿ ಎಂದು ಅದನ್ನೇ ಮೊದಲು ಹೇಳುತ್ತೇನೆ.

ನಾಯಿ ಕಚ್ಚಿದ ಮೇಲೆ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಕಚ್ಚುವ ಮೊದಲೇ ಹಾಕಿಸಿಕೊಳ್ಳಬಹುದು ಎನ್ನುವುದು ಗೊತ್ತಿರುವವರು ಕಡಿಮೆ. ನಾವು ಪಶುವೈದ್ಯರು, ನಾಯಿ ಹಿಡಿಯುವವರು, ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ಹಾಗೆಯೇ ಹಾಕಿಸಿಕೊಳ್ಳುತ್ತೇವೆ. ಲಸಿಕೆ ಅದೇ, ಕೊಡುವುದು ಮೂರು ಸಲ: ಮೊದಲ ಚುಚ್ಚುಮದ್ದಿನ ದಿನವನ್ನು ಸೊನ್ನೆ ಎಂದು ಹಿಡಿದರೆ 7ನೆಯ ದಿನ ಎರಡನೆಯದು, 21 ಅಥವಾ 28ನೆಯ ದಿನ ಮೂರನೆಯದು. ತೋಳಿಗೆ ಕೊಡುತ್ತಾರೆ. ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿ ಎನ್ನುವುದು ಹಳೆಯ ಲಸಿಕೆಯ ಕಾಲದ ಕಥೆ, ಮಕ್ಕಳನ್ನು ಹೆದರಿಸಲು ಇನ್ನೂ ಉಳಿದುಕೊಂಡಿದೆ. ಹೀಗೆ ಮೊದಲೇ ಹಾಕಿಸಿಕೊಂಡವರಿಗೆ ಮುಂದೆ ಎಂದಾದರೂ ನಾಯಿ ಕಚ್ಚಿದರೆ ಏನೂ ಬೇಡವೇ ಎಂದರೆ, ಬೇಕು. ಆದರೆ ಎರಡೇ ಸಾಕು: ಅಂದು ಒಂದು, 3ನೆಯ ದಿನ ಒಂದು. ಹಾಕಿಸಿಕೊಳ್ಳದವರಿಗಾದರೆ ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಐದು. ಗಾಯ ಚರ್ಮ ದಾಟಿದ್ದರೆ ಅದರ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೋಗ ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು) ಬೇರೆ ಕೊಡಬೇಕು, ಅದು ಎಲ್ಲ ಆಸ್ಪತ್ರೆಗಳಲ್ಲಿ ಎಲ್ಲ ಹೊತ್ತಿನಲ್ಲಿ ಸಿಗುವ ವಸ್ತುವಲ್ಲ. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕಿದವರು ಇಲ್ಲವೆನ್ನುವಷ್ಟು ಅಪರೂಪ. ಹಾಗಾಗಿ ನಿಮ್ಮ ಭಯ ಸರಿಯಾದದ್ದೇ. ಆ ಭಯಕ್ಕೆ ಮಗಳನ್ನು ಮನೆಯಲ್ಲಿ ಕೂರಿಸುವುದಕ್ಕಿಂತ ಒಳ್ಳೆಯ ಮದ್ದು ಇದೆ ಎಂದಷ್ಟೇ ನಾನು ಹೇಳುವುದು. ನಿಮ್ಮ ಕುಟುಂಬ ವೈದ್ಯರನ್ನು ಕಂಡು, ಅವಳ ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆ ಎಂಬುದನ್ನೂ ಅದೇ ಹೊತ್ತಿಗೆ ಕೇಳಿಬಿಡಿ.

ಎರಡನೆಯದು ಸೋಪು. ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನ ಕೆಳಗೆ 15 ನಿಮಿಷ ತೊಳೆಯಬೇಕು. ರೇಬಿಸ್ ವೈರಾಣುವಿನ ಮೇಲೊಂದು ಕೊಬ್ಬಿನ ಹೊದಿಕೆಯಿದೆ, ಸೋಪು ಅದನ್ನು ಒಡೆಯುತ್ತದೆ. 15 ನಿಮಿಷ ಎಂದರೆ ಎಷ್ಟು ಹೊತ್ತು ಎಂದು ಒಮ್ಮೆ ಗಡಿಯಾರ ಇಟ್ಟುಕೊಂಡು ನಲ್ಲಿಯ ಮುಂದೆ ನಿಂತು ನೋಡಿ. ನಾಲ್ಕನೆಯ ನಿಮಿಷಕ್ಕೇ ಸಾಕೆನಿಸುತ್ತದೆ. ಸಾಲದು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಗಾಯಕ್ಕೆ ಮೆತ್ತಬಾರದು. ತೊಳೆದು ನೇರ ಆಸ್ಪತ್ರೆಗೆ.

ಇಲ್ಲಿ ನಿಮಗೆ, ಮಗಳಿಗಲ್ಲ, ಒಂದು ಮಾತು ಹೇಳಬೇಕು. ಸುಮಾರು ಹತ್ತು ವರ್ಷಗಳ ಹಿಂದೆ ನಾನು ಭಾನುವಾರಗಳಂದು ಹೋಗುತ್ತಿದ್ದ ಒಂದು ಆಶ್ರಯದಲ್ಲಿ ಒಬ್ಬ ಕಾಲೇಜು ಹುಡುಗ, ಊಟ ಮಾಡುತ್ತಿದ್ದ ನಾಯಿಯ ಕುತ್ತಿಗೆಗೆ ಕೈ ಬಳಸಿ ಫೋಟೊ ತೆಗೆಸಿಕೊಳ್ಳಲು ಹೋದ. ನಾಯಿ ಅವನ ಅಂಗೈ ಬುಡಕ್ಕೆ ಬಾಯಿ ಹಾಕಿತು. ಎರಡು ಹಲ್ಲಿನ ಗುರುತು, ರಕ್ತ ಸ್ವಲ್ಪವೇ. ಅವನು ಕರವಸ್ತ್ರ ಸುತ್ತಿಕೊಂಡು ಯಾರಿಗೂ ಹೇಳದೆ ಬಸ್ ಹತ್ತಿ ಹೋದ. ಮುಂದಿನ ಭಾನುವಾರ ಕೈಯ ಮೇಲಿನ ಕಪ್ಪುಗಟ್ಟಿದ ಹೊಪ್ಪಳೆ ನೋಡಿ ನಾನು ಗದರಿಸಿದ ಮೇಲೆ ಬಾಯಿ ಬಿಟ್ಟ. ಯಾಕಪ್ಪ ಹೇಳಲಿಲ್ಲ ಎಂದರೆ, ‘ಮನೆಯಲ್ಲಿ ಗೊತ್ತಾದರೆ ಮತ್ತೆ ಕಳುಹಿಸುವುದಿಲ್ಲ ಸಾರ್’ ಎಂದ. ಏಳು ದಿನ! ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚುಚ್ಚುಮದ್ದು ಶುರು ಮಾಡಿಸಿದೆವು. ಆ ನಾಯಿ ನಮ್ಮ ಕಣ್ಣೆದುರೇ ಇತ್ತು, ಕಚ್ಚಿ ಹತ್ತು ದಿನ ಕಳೆದ ಮೇಲೂ ಗಟ್ಟಿಮುಟ್ಟಾಗಿತ್ತು, ನಮ್ಮ ಉಸಿರು ಹಿಂದಕ್ಕೆ ಬಂತು. ಅದರ ಜಾಗದಲ್ಲಿ ಬೀದಿಯಲ್ಲಿ ಕಚ್ಚಿ ಓಡಿಹೋದ ನಾಯಿಯಾಗಿದ್ದರೆ ಈ ಕಥೆಯನ್ನು ನಾನು ಬೇರೆ ದನಿಯಲ್ಲಿ ಹೇಳಬೇಕಾಗುತ್ತಿತ್ತು. ಆದ್ದರಿಂದ ‘ಏನಾದರೂ ಆದರೆ ಮತ್ತೆ ಆ ಕಡೆ ತಲೆ ಹಾಕಕೂಡದು’ ಎಂಬ ಮಾತನ್ನು ದಯವಿಟ್ಟು ಮಗಳಿಗೆ ಹೇಳಬೇಡಿ. ಹದಿನಾರರ ಮಕ್ಕಳು ಅದನ್ನು ‘ಆದದ್ದನ್ನು ಮುಚ್ಚಿಡು’ ಎಂದೇ ಕೇಳಿಸಿಕೊಳ್ಳುತ್ತಾರೆ. ಪರಚಿದರೂ ಸರಿ, ಆ ಗಳಿಗೆಯಲ್ಲೇ ಫೋನ್ ಮಾಡು, ಅದಕ್ಕಾಗಿ ನಿನ್ನನ್ನು ಮನೆಯಲ್ಲಿ ಕೂರಿಸುವುದಿಲ್ಲ ಎಂದು ಮೊದಲೇ ಮಾತು ಕೊಡಿ. ಕೊಟ್ಟ ಮೇಲೆ ಉಳಿಸಿಕೊಳ್ಳಿ.

ಇನ್ನು ಯಾವ ಆಶ್ರಯ ಎನ್ನುವ ವಿಷಯ. ಚೆನ್ನೈಯಲ್ಲಿ 1959ರಿಂದ ಬ್ಲೂ ಕ್ರಾಸ್ ಇದೆ, ನಮ್ಮ ಬೆಂಗಳೂರಿನಲ್ಲಿ 1991ರಿಂದ ಕ್ಯೂಪಾ ಇದೆ. ಹೀಗೆ ದಶಕಗಳಿಂದ ನಡೆದುಬಂದ ಸಂಸ್ಥೆಗಳಿರುವಂತೆಯೇ ಒಂದು ಶೆಡ್ಡು, ಒಂದು ಕೊಳವೆಬಾವಿ, ಒಬ್ಬರ ಹಟ ಇಷ್ಟರಿಂದಲೇ ನಡೆಯುವ ಸಣ್ಣ ಜಾಗಗಳೂ ಇವೆ. ಹೆಸರು ನೋಡಿ ತೀರ್ಮಾನಿಸಬೇಡಿ. ಮೊದಲ ದಿನ ನೀವೂ ಜೊತೆಗೆ ಹೋಗಿ. ಒಳಗೆ ಬಿಡುವ ಮುನ್ನ ಅವರು ನಿಮ್ಮನ್ನು ಪ್ರಶ್ನೆ ಕೇಳುತ್ತಾರೆಯೇ ಎಂಬುದೇ ನನ್ನ ಮೊದಲ ಪರೀಕ್ಷೆ. ಎಷ್ಟು ವಯಸ್ಸು, ಲಸಿಕೆ ಆಗಿದೆಯೇ, ಮನೆಯಲ್ಲಿ ನಾಯಿ ಇದೆಯೇ, ಪೋಷಕರ ಒಪ್ಪಿಗೆ ಪತ್ರ ಎಲ್ಲಿ ಎಂದು ಕಾಡಿಸುವ ಜಾಗ ಒಳ್ಳೆಯ ಜಾಗ. 18 ತುಂಬದವರನ್ನು ಸೇರಿಸಿಕೊಳ್ಳುವುದೇ ಇಲ್ಲ ಎನ್ನುವ ಆಶ್ರಯಗಳೂ ಉಂಟು, ಬೇಸರ ಮಾಡಿಕೊಳ್ಳಬೇಡಿ. ‘ಬಾಮ್ಮ ಬಾ, ಇಗೋ ಹಗ್ಗ ಹಿಡಿ’ ಎಂದು ಬಂದ ಗಳಿಗೆಯಲ್ಲೇ ದೊಡ್ಡ ನಾಯಿಯೊಂದನ್ನು ಹದಿನಾರರ ಹುಡುಗಿಯ ಕೈಗೆ ಕೊಡುವ ಜಾಗದಿಂದ ಹಾಗೆಯೇ ಹಿಂದಕ್ಕೆ ಬನ್ನಿ.

ಆಮೇಲೆ ಮೂಗು ತೆರೆದಿಟ್ಟುಕೊಳ್ಳಿ. ನಾಯಿಗಳಿರುವ ಕಡೆ ನಾಯಿ ವಾಸನೆ ಇದ್ದೇ ಇರುತ್ತದೆ. ಆದರೆ ಕಣ್ಣು ಉರಿಯುವಷ್ಟು ಮೂತ್ರದ ಘಾಟು ಇದ್ದರೆ ಅಲ್ಲಿ ನಾಯಿ ಹೆಚ್ಚಾಗಿವೆ, ಕೈ ಕಡಿಮೆಯಿವೆ ಎಂದರ್ಥ. ಕಾಯಿಲೆ ಬಿದ್ದವಕ್ಕೆ ಬೇರೆ ಕೋಣೆ ಇದೆಯೇ ನೋಡಿ. ಪಶುವೈದ್ಯರು ಯಾವ ದಿನ ಬರುತ್ತಾರೆ ಎಂದು ಕೇಳಿ. ಕೊನೆಗೆ, ಇಲ್ಲಿಂದ ನಾಯಿಗಳು ಹೊರಗೆ ಹೋಗುವುದು ಹೇಗೆ ಎಂದು ಕೇಳಿ. 2023ರ ಸಮೀಕ್ಷೆಯ ಪ್ರಕಾರ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಅಷ್ಟಕ್ಕೂ ಸೂರು ಕಟ್ಟುವುದು ಯಾರಿಂದಲೂ ಆಗದ ಕೆಲಸ. ಗಾಯ ವಾಸಿಯಾಗಿ ಹೋದವು, ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಹೋದವು, ದತ್ತು ಹೋದವು, ಸತ್ತವು ಎಂದು ಲೆಕ್ಕ ಕೊಡುವವರು ಆಸ್ಪತ್ರೆಯ ಹಾಗೆ ಆಶ್ರಯ ನಡೆಸುತ್ತಿದ್ದಾರೆ. ‘ನಾವು ಯಾವುದನ್ನೂ ಹೊರಗೆ ಕಳುಹಿಸುವುದಿಲ್ಲ, ಎಲ್ಲವೂ ನಮ್ಮ ಮಕ್ಕಳು’ ಎನ್ನುವವರ ಮನಸ್ಸು ದೊಡ್ಡದಿರಬಹುದು, ಅವರ ಗೂಡುಗಳು ಮಾತ್ರ ವರ್ಷದಿಂದ ವರ್ಷಕ್ಕೆ ಇಕ್ಕಟ್ಟಾಗುತ್ತಿರುತ್ತವೆ.

ಈಗ ನಿಮ್ಮ ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಅವರನ್ನು ಎದುರುಹಾಕಿಕೊಳ್ಳಬೇಡಿ, ಈ ಕೆಲಸಕ್ಕೆ ನಿಮ್ಮ ಮನೆಯಲ್ಲಿ ಅವರಷ್ಟು ಒದಗಿಬರುವವರು ಬೇರೆ ಯಾರೂ ಇಲ್ಲ. ಹೊರಗಿನಿಂದ ಬಂದವರು ಹಿತ್ತಲಿನಲ್ಲೇ ಬಟ್ಟೆ ಬಿಚ್ಚಿ ನೆನೆಹಾಕಬೇಕು, ಮಿಂದೇ ಅಡುಗೆಮನೆಗೆ ಕಾಲಿಡಬೇಕು, ಮೈಲಿಗೆ ಬಟ್ಟೆ ಮಡಿ ಬಟ್ಟೆಗೆ ತಾಗಬಾರದು ಎಂಬ ಅವರ ಕಟ್ಟಳೆ ಇದೆಯಲ್ಲ, ಆಶ್ರಯದಿಂದ ಬರುವ ಹುಡುಗಿಗೆ ನಾನು ಹಾಕಿಕೊಡುವ ನಿಯಮವೂ ಅಕ್ಷರಶಃ ಅದೇ. ಕಾರಣ ಮಾತ್ರ ಬೇರೆ: ನಿಮ್ಮ ಮನೆಯ ಮೂರು ತಿಂಗಳ ಮರಿ.

ಪಾರ್ವೊ ಎಂಬ ರೋಗವಿದೆ. ಮರಿಗಳಿಗೆ ವಾಂತಿ, ರಕ್ತಭೇದಿ ಹತ್ತಿ ಎರಡು ಮೂರು ದಿನದಲ್ಲಿ ಒಣಗಿದ ಎಲೆಯ ಹಾಗೆ ಆಗಿಬಿಡುತ್ತವೆ. ಮನುಷ್ಯರಿಗೆ ಇದು ಬರುವುದಿಲ್ಲ, ಆದರೆ ನಮ್ಮ ಚಪ್ಪಲಿಯ ಅಡಿಯಲ್ಲಿ ಕೂತು ಮನೆಗೆ ಬರುತ್ತದೆ. ಮಣ್ಣಿನಲ್ಲಿ, ನೆಲದ ಬಿರುಕಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ರೇಬಿಸ್ ವೈರಾಣುವಿಗಿರುವ ಕೊಬ್ಬಿನ ಹೊದಿಕೆ ಇದಕ್ಕಿಲ್ಲ. ಹಾಗಾಗಿ ಸೋಪಿಗೆ ಸಾಯುವುದಿಲ್ಲ, ಕೋವಿಡ್ ಕಾಲದಿಂದ ಎಲ್ಲರ ಚೀಲದಲ್ಲಿರುವ ಸ್ಯಾನಿಟೈಸರಿಗೂ ಜಗ್ಗುವುದಿಲ್ಲ. ಬ್ಲೀಚಿಗೆ ಸಾಯುತ್ತದೆ, ಅದೂ ನೆಲದ ಕೊಳೆಯನ್ನು ಮೊದಲು ಸೋಪಿನಿಂದ ತಿಕ್ಕಿ ತೊಳೆದಿದ್ದರೆ ಮಾತ್ರ. ಮಲದ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಮಲಕ್ಕೇ ಮುಗಿದುಹೋಗುತ್ತದೆ. ಬಾಟಲಿಯ ಬ್ಲೀಚಾದರೆ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆಲ ಒದ್ದೆಯಾಗಿರುವಂತೆ ಬಿಟ್ಟು ಆಮೇಲೆ ತೊಳೆಯುವುದು. ಆಶ್ರಯಕ್ಕೆಂದೇ ಒಂದು ಜೊತೆ ರಬ್ಬರ್ ಬೂಟು ಕೊಡಿಸಿ, ಅದು ಅಲ್ಲೇ ಇರಲಿ, ಮನೆಗೆ ಬರುವುದೇ ಬೇಡ. ನಿಮ್ಮ ಮರಿಗೆ ಆರೆಂಟು ವಾರದಲ್ಲಿ ಲಸಿಕೆ ಶುರುವಾಗಿರಬೇಕು. ಮೂರು ನಾಲ್ಕು ವಾರಕ್ಕೊಮ್ಮೆಯಂತೆ 16 ವಾರ ತುಂಬುವವರೆಗೆ ಅದು ನಡೆಯಬೇಕು. ಆ ಸರಣಿ ಮುಗಿಯುವುದಕ್ಕೂ ನಿಮ್ಮ ಮಗಳ ಮೂರು ಚುಚ್ಚುಮದ್ದು ಮುಗಿಯುವುದಕ್ಕೂ ಸರಿಹೋಗುತ್ತದೆ. ಒಂದು ತಿಂಗಳು ತಡೆಯಿರಿ ಎಂದದ್ದು ಇದಕ್ಕೂ ಸೇರಿಸಿಯೇ. ಕಜ್ಜಿ, ಗಜಕರ್ಣ, ಇಲಿಜ್ವರ ಇವೂ ಪ್ರಾಣಿಗಳಿಂದ ಮನುಷ್ಯರಿಗೆ ಬರಬಹುದು. ಕೈಗವಸು, ಮುಚ್ಚಿದ ಪಾದರಕ್ಷೆ, ಆಮೇಲೊಂದು ಸ್ನಾನ ಇದ್ದರೆ ಅವುಗಳ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ.

ಅಲ್ಲಿ ಅವಳು ಮಾಡುವುದಾದರೂ ಏನು? ಇದನ್ನು ಮಗಳಿಗೇ ಓದಿ ಹೇಳಿ, ಏಕೆಂದರೆ ಅವಳ ಮನಸ್ಸಿನಲ್ಲಿರುವ ಚಿತ್ರ ಬೇರೆ ಇರುತ್ತದೆ. ಮರಿಗಳನ್ನು ಮಡಿಲಲ್ಲಿಟ್ಟುಕೊಂಡು ಹಾಲು ಕುಡಿಸುವ ಕೆಲಸಕ್ಕೆ ಜನ ಯಾವಾಗಲೂ ಹೆಚ್ಚು. ಬಟ್ಟಲು ತೊಳೆಯುವುದು, ಹಾಸು ಒಗೆದು ಒಣಗಿಸುವುದು, ಹತ್ತಿ ಕತ್ತರಿಸಿ ಡಬ್ಬ ತುಂಬಿಸುವುದು, ಬೆಳಗಿನ ಅನ್ನದ ಹಂಡೆ ಉಜ್ಜುವುದು, ಉಣುಗು ಹಿಡಿದ ನಾಯಿಯ ಕಿವಿಯೊಳಗೆ ಚಿಮಟ ಹಾಕಿ ಒಂದೊಂದನ್ನೇ ಕೀಳುವುದು ಇವಕ್ಕೆ ಜನ ಸಿಗುವುದಿಲ್ಲ. ಒಂದು ದಿನ ಇಪ್ಪತ್ತು ಜನ ಬಂದು, ಗುಂಪು ಫೋಟೊ ತೆಗೆಸಿಕೊಂಡು, ಬಿಸ್ಕತ್ತು ಹಂಚಿ ಹೋದರೆ ಆಶ್ರಯಕ್ಕೆ ಆಗುವ ಉಪಕಾರಕ್ಕಿಂತ ಅಂದು ರಾತ್ರಿ ನಾಯಿಗಳಿಗೆ ಆಗುವ ಭೇದಿಯೇ ಹೆಚ್ಚು. ಇದನ್ನು ಹೇಳಿ ಕೆಲವು ಕಾಲೇಜುಗಳವರ ಕೋಪಕ್ಕೆ ಗುರಿಯಾಗಿದ್ದೇನೆ, ಆಗಲಿ.

ವಾರ ತಪ್ಪದೆ ಬರುವ ಒಬ್ಬರಿಂದ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ದ್ವಿತೀಯ ಪಿಯುಸಿಯ ಒಬ್ಬ ಹುಡುಗನನ್ನು ಅವನ ಅಕ್ಕ ಬಲವಂತವಾಗಿ ಎಳೆದುಕೊಂಡು ಬರುತ್ತಿದ್ದಳು. ಅವನಿಗೆ ನಾಯಿ ಎಂದರೆ ಭಯ. ಬಾಗಿಲಲ್ಲೇ ನಿಲ್ಲುತ್ತಿದ್ದ. ಸರಿ, ಒಳಗೆ ಬರಬೇಡ, ಇಲ್ಲಿ ಕೂತು ತೂಕ ಬರೆದುಕೋ ಎಂದು ಅವನಿಗೆ ಒಂದು ಲೆಕ್ಕದ ಪುಸ್ತಕ ಕೊಟ್ಟೆ. ಕೆಲಸದವರು ನಾಯಿಯನ್ನು ತಂದು ತಕ್ಕಡಿ ಹಲಗೆಯ ಮೇಲೆ ನಿಲ್ಲಿಸಬೇಕು, ಅವನು ಮೇಜಿನ ಆ ಬದಿಯಿಂದ ಬಗ್ಗಿ ನೋಡಿ ಬರೆಯಬೇಕು. ಐದನೆಯ ಭಾನುವಾರ ಮಧ್ಯಾಹ್ನ ನಾನು ಕೈ ತೊಳೆಯುತ್ತಿದ್ದಾಗ ಪುಸ್ತಕ ಹಿಡಿದುಕೊಂಡು ಹತ್ತಿರ ಬಂದ.

‘ಸಾರ್, ಮೂವತ್ತೊಂದನೇ ನಂಬರಿನದು ಕಡಿಮೆಯಾಗುತ್ತಿದೆ.’

‘ಎಷ್ಟು?’

‘ಮೊದಲ ವಾರ ಹದಿನಾಲ್ಕು ಇನ್ನೂರು. ಆಮೇಲೆ ಹದಿಮೂರು ಒಂಬೈನೂರು, ಹದಿಮೂರು ಐನೂರು, ಹದಿಮೂರು ಇನ್ನೂರು. ಇವತ್ತು ಹನ್ನೆರಡು ಎಂಟುನೂರು. ಒಂದು ವಾರವೂ ಏರಿಲ್ಲ.’

31 ಎಂದರೆ ಎಡಗಿವಿ ಹರಿದ, ಕಂದು ಬಣ್ಣದ ಹೆಣ್ಣು ನಾಯಿ. ಪ್ರತಿ ಭಾನುವಾರ ನಾನು ಅದನ್ನು ನೋಡುತ್ತಿದ್ದೆ. ಬಾಲ ಅಲ್ಲಾಡಿಸುತ್ತಿತ್ತು, ಕಣ್ಣಿನಲ್ಲಿ ಹೊಳಪಿತ್ತು, ಒಸಡು ಗುಲಾಬಿಯಾಗಿತ್ತು. ಬಟ್ಟಲು ದಿನವೂ ಖಾಲಿ. ಬಟ್ಟಲು ಖಾಲಿಯಾಗಿದೆ ಎಂದರೆ ಅದು ಉಂಡಿದೆ ಎಂದೇ ನಾವೆಲ್ಲ ತಿಳಿದಿದ್ದೆವು. ಅಂದು ಸಂಜೆ ಊಟ ಇಟ್ಟು ಮರೆಯಲ್ಲಿ ನಿಂತು ನೋಡಿದರೆ, ಅದೇ ಗೂಡಿನ ಇನ್ನೊಂದು ನಾಯಿ ತನ್ನ ಬಟ್ಟಲು ಮುಗಿಸುವ ಮೊದಲೇ ಇದರ ಬಟ್ಟಲಿಗೆ ಬಂದು ನಿಂತಿತು. ಜಗಳವಿಲ್ಲ, ಗುರುಗುಟ್ಟಿದ್ದೂ ಇಲ್ಲ. ಬಂದು ನಿಂತಿತು ಅಷ್ಟೆ, 31 ಹಿಂದೆ ಸರಿದು ಗೋಡೆಗೆ ಒರಗಿ ಕೂತಿತು. ಮರುದಿನದಿಂದ ಬೇರೆ ಊಟ ಕೊಡಿಸಿದೆವು. ಒಂದು ತಿಂಗಳಲ್ಲಿ ಕಳೆದುಕೊಂಡದ್ದೆಲ್ಲ ವಾಪಸು ಬಂತು. ಐದು ಭಾನುವಾರ ಐದು ಜನ ಬರೆದಿದ್ದರೆ ಅವು ಐದು ಸಾಲುಗಳಾಗಿಯೇ ಉಳಿಯುತ್ತಿದ್ದವು. ಆ ಹುಡುಗ ಆಮೇಲೂ ನಾಯಿಯನ್ನು ಮುಟ್ಟಲು ಬಹಳ ದಿನ ತೆಗೆದುಕೊಂಡ ಎನ್ನಿ.

ಹಾಗಾಗಿ ನಿಮ್ಮ ಮಗಳಿಗೆ ನನ್ನ ಶರತ್ತು ಒಂದೇ: ತಿಂಗಳಿಗೆ ನಾಲ್ಕು ಭಾನುವಾರ ಆಗದಿದ್ದರೆ ಎರಡೇ ಒಪ್ಪಿಕೊಳ್ಳಲಿ, ಆದರೆ ಆ ಎರಡು ತಪ್ಪಬಾರದು. ಪರೀಕ್ಷೆ ಬಂದಾಗ ಇಂಥ ದಿನದಿಂದ ಇಂಥ ದಿನದವರೆಗೆ ಬರುವುದಿಲ್ಲ ಎಂದು ಮೊದಲೇ ಹೇಳಲಿ. ಹೆದರಿದ ನಾಯಿಗೆ ನಮ್ಮ ಅಕ್ಕರೆ ಅರ್ಥವಾಗಲು ಬಹಳ ಕಾಲ ಬೇಕು, ಅದೇ ಹೆಜ್ಜೆ ಸಪ್ಪಳ ಅದೇ ಹೊತ್ತಿಗೆ ಬಂತು ಎನ್ನುವುದು ಮಾತ್ರ ಬೇಗ ಅರ್ಥವಾಗುತ್ತದೆ.

ನಾಯಿಯ ಮೈ ಓದುವುದನ್ನು ಅವಳು ಮುಟ್ಟುವ ಮೊದಲು ಕಲಿಯಬೇಕು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಯಾರು ಕಟ್ಟಿದರೋ, ಅವರು ಆಶ್ರಯದಲ್ಲಿ ಕೆಲಸ ಮಾಡಿದವರಲ್ಲ. ಬೊಗಳುವುದೂ ಕಚ್ಚುತ್ತದೆ, ನನಗೆ ಹೆಚ್ಚು ಭಯ ಮಾತ್ರ ಸದ್ದಿಲ್ಲದೆ ಮೈ ಬಿಗಿಹಿಡಿದು ನಿಂತದ್ದರ ಬಗ್ಗೆ. ಬಾಲ ಅಲ್ಲಾಡಿಸಿದರೆ ಸ್ನೇಹ ಎಂಬುದೂ ಅರ್ಧ ಸತ್ಯ. ಇಡೀ ಸೊಂಟವೇ ತೂಗಾಡುವಂತೆ ಅಲ್ಲಾಡಿಸುವುದು ಬೇರೆ, ಬಾಲವನ್ನು ಕಡ್ಡಿಯಂತೆ ಮೇಲೆತ್ತಿ ತುದಿಯನ್ನಷ್ಟೇ ಪಟಪಟ ಆಡಿಸುವುದು ಬೇರೆ. ನಿದ್ದೆ ಇಲ್ಲದೆ ಆಕಳಿಸುವುದು, ಎದುರಿಗೆ ತಿನ್ನುವುದೇನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು, ಇವೆಲ್ಲ ‘ಸಾಕು, ಹಿಂದೆ ಸರಿ’ ಎನ್ನುವ ಮಾತುಗಳು. ಗುರುಗುಟ್ಟಿದರೆ ಬೈಯಬಾರದು. ಅದು ಎಚ್ಚರಿಕೆ ಕೊಡುತ್ತಿದೆ. ಬೈದು ಆ ಅಭ್ಯಾಸ ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ಹಲ್ಲೇ ಬರುತ್ತದೆ. ಹೊಸ ನಾಯಿಯ ಹತ್ತಿರ ಪಕ್ಕಕ್ಕೆ ತಿರುಗಿ ಕೂರಬೇಕು, ಕಣ್ಣಲ್ಲಿ ಕಣ್ಣಿಡಬಾರದು, ಅದಾಗಿಯೇ ಬಂದು ಮೂಸಿದ ಮೇಲೆ ನೆತ್ತಿಗಲ್ಲ, ಎದೆಗೆ ಕೈ ಹಾಕಬೇಕು. ಎರಡು ನಾಯಿ ಕಚ್ಚಾಡುವಾಗ ನಡುವೆ ಕೈ ತೂರಿಸುವುದಂತೂ ಬೇಡವೇ ಬೇಡ, ಒಂದು ಬಕೆಟ್ ನೀರು ಎರಚಿ ಕೆಲಸದವರನ್ನು ಕೂಗಿದರಾಯಿತು.

ಗೂಬೆ, ಹದ್ದು, ಮಂಗದ ಮರಿ ಎಂದು ಅವಳು ಆಸೆಪಟ್ಟರೆ ಅದು ಬೇರೆ ದಾರಿ. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಹದ್ದುಗಳು ಬೆಂಗಳೂರಿನಲ್ಲಿ ಹೊಸದಲ್ಲ, ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆಯೂ ಇದೆ. ಆದರೆ ಅಲ್ಲಿ ಮುದ್ದು ಮಾಡುವಂತಿಲ್ಲ, ಮಾತನಾಡಿಸುವಂತಿಲ್ಲ. ಮನುಷ್ಯರಿಗೆ ಹೊಂದಿಕೊಂಡ ಹಕ್ಕಿ ಕಾಡಿಗೆ ಹೋದರೆ ಬದುಕುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮನೆಗೆ ತಂದು ಸಾಕುವುದೂ ಅಪರಾಧ, ಅದು ಗಿಣಿಯಾದರೂ ಸರಿ.

ಮನಸ್ಸಿನ ಮಾತು ಇನ್ನೂ ಹೇಳಿಲ್ಲ. ಒಂದೆರಡು ತಿಂಗಳಲ್ಲಿ ಅವಳು ಸಿಟ್ಟು ಹೊತ್ತುಕೊಂಡು ಮನೆಗೆ ಬರುತ್ತಾಳೆ. ಶಸ್ತ್ರಚಿಕಿತ್ಸೆಯಾಗಿ ಅವಳಿಗೆ ಒಗ್ಗಿಕೊಂಡಿದ್ದ ನಾಯಿಯನ್ನು ಹಿಡಿದ ಬೀದಿಗೇ ವಾಪಸು ಬಿಟ್ಟರು ಎಂದು ಒಂದು ದಿನ ಅಳಬಹುದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹಾಗೆಯೇ ಹೇಳುತ್ತವೆ: ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಆ ನಾಯಿ ಇಲ್ಲದಿದ್ದರೆ ಆ ಬೀದಿಗೆ ಲಸಿಕೆಯಿಲ್ಲದ ಇನ್ನೊಂದು ಬರುತ್ತದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದ ನಾಯಿಗಳ ವಿಷಯದಲ್ಲಿ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬೇರೆ ಆದೇಶ ಕೊಟ್ಟಿತು, ಅವನ್ನು ಆಶ್ರಯಕ್ಕೆ ಸೇರಿಸಿ, ಅಲ್ಲಿಗೇ ಮತ್ತೆ ಬಿಡಬೇಡಿ ಎಂದು. ಇನ್ನೊಂದು ದಿನ, ಬಿಸಿನೀರು ಎರಚಿಸಿಕೊಂಡು ಬೆನ್ನಿನ ಚರ್ಮ ಕಳಚಿದ ನಾಯಿ ನೋಡಿ ಬಂದು, ಎರಚಿದವರಿಗೆ ಶಿಕ್ಷೆ ಏನು ಎಂದು ಕೇಳುತ್ತಾಳೆ. ರುಕ್ಮಿಣಿ ದೇವಿ ಅರುಂಡೇಲ್ ಅವರು ಪಟ್ಟುಹಿಡಿದು ತಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಆ ಮೊತ್ತ ಅಲ್ಲೇ ನಿಂತುಬಿಟ್ಟಿದೆ. ಕೊಂದರೆ ಅಥವಾ ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಸೆರೆವಾಸವಾಗಬಹುದು. ಐವತ್ತು ರೂಪಾಯಿ ಎಂದು ಕೇಳಿದಾಗ ಬರುವ ಸಿಟ್ಟು ನ್ಯಾಯವಾದದ್ದೇ, ಅದನ್ನು ಅಡಗಿಸಬೇಡಿ.

ಆದರೆ ‘ಮನುಷ್ಯರಿಗಿಂತ ನಾಯಿಗಳೇ ವಾಸಿ’ ಎಂಬ ಮಾತು ಅವಳ ಬಾಯಲ್ಲಿ ಬಂದಾಗ ಸ್ವಲ್ಪ ತಡೆದು ಕೇಳಿ, ಆ ನಾಯಿಯನ್ನು ತಂದವರು ಯಾರು ಎಂದು. ನಾನು ಕಂಡಂತೆ ಎಷ್ಟೋ ಸಲ ರಾತ್ರಿ ಹನ್ನೊಂದಕ್ಕೆ ಗೋಣಿಚೀಲದಲ್ಲಿ ಸುತ್ತಿ ತಂದವನು ಒಬ್ಬ ಆಟೊ ಚಾಲಕ, ಸೀಟೆಲ್ಲ ರಕ್ತ, ಅಂದಿನ ಬಾಡಿಗೆ ಹೋಯಿತು, ಹೆಸರೂ ಹೇಳದೆ ಹೋಗುತ್ತಾನೆ. ಆಶ್ರಯಗಳಲ್ಲಿ ಮನುಷ್ಯದ್ವೇಷ ಅಂಟುರೋಗದ ಹಾಗೆ ಹರಡುತ್ತದೆ, ಅದಕ್ಕೆ ಲಸಿಕೆ ಇನ್ನೂ ಬಂದಿಲ್ಲ.

ಸಾವನ್ನೂ ನೋಡುತ್ತಾಳೆ. ಶನಿವಾರ ರಾತ್ರಿ ಡ್ರಿಪ್ ಹಾಕಿದ ಪಾರ್ವೊ ಮರಿ ಭಾನುವಾರ ಅವಳು ಬರುವ ಹೊತ್ತಿಗೆ ಇರುವುದಿಲ್ಲ. ಬೆನ್ನುಹುರಿ ತುಂಡಾಗಿ ನರಳುತ್ತಿರುವ ನಾಯಿಗೆ ಪಶುವೈದ್ಯರು ಶಾಂತವಾಗಿ ಸಾವು ಕೊಡುವ ತೀರ್ಮಾನ ಮಾಡುತ್ತಾರೆ. ಹದಿನಾರರ ಹುಡುಗಿ ಆ ಕೋಣೆಯಲ್ಲಿ ಇರಬೇಕಾಗಿಲ್ಲ. ಇರುತ್ತೇನೆ ಎಂದರೂ ನಾನು ಹೊರಗೆ ಕಳುಹಿಸುತ್ತೇನೆ. ಆದರೆ ಏಕೆ ಕೊಟ್ಟರು ಎಂದು ಅವಳಿಗೆ ಅಂದೇ ಬಿಡಿಸಿ ಹೇಳುವ ಹಿರಿಯರು ಆ ಆಶ್ರಯದಲ್ಲಿ ಯಾರು ಎಂದು ನೀವು ತಿಳಿದುಕೊಂಡಿರಿ. ಸಂಜೆ ಅವಳು ಊಟ ಬೇಡ ಎಂದರೆ ಬಲವಂತ ಮಾಡಬೇಡಿ. ಎರಡು ವಾರ ಕಳೆದರೂ ಹಾಗೆಯೇ ಇದ್ದರೆ ಕೆಲವು ತಿಂಗಳು ಬಿಡುವು ಕೊಡಿಸಿ, ಮತ್ತೆ ಹೋಗಬಹುದು.

ಸೀಟಿನ ಪ್ರಶ್ನೆಗೆ ನೇರ ಉತ್ತರ: ಅನುಕೂಲವಿಲ್ಲ. ಆಶ್ರಯದವರು ಕೊಡುವ ಪ್ರಮಾಣಪತ್ರಕ್ಕೆ ಪ್ರವೇಶದಲ್ಲಿ ಅಂಕವಿಲ್ಲ, ಅಲ್ಲಿ ನಡೆಯುವುದು ಪರೀಕ್ಷೆಯ ರ‍್ಯಾಂಕು. ಪದವಿಗೆ ಸೇರಿದ ಮೇಲಾದರೆ ಎನ್‌ಎಸ್‌ಎಸ್‌ನ ಎರಡು ವರ್ಷದ 240 ಗಂಟೆಗಳಿಗೆ ಇಂಥ ಸೇವೆ ಸೇರುತ್ತದೆಯೇ ಎಂದು ಕಾಲೇಜಿನಲ್ಲಿ ಕೇಳಬಹುದು. ಆದರೆ ಬೇರೊಂದು ಲಾಭವಿದೆ. ಪಶುವೈದ್ಯಕೀಯ ಪದವಿ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. 1958ರಲ್ಲಿ ಶುರುವಾದ ಹೆಬ್ಬಾಳದ ಕಾಲೇಜಿನಲ್ಲಾಗಲಿ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಾಗಲಿ ಆ ಐದೂವರೆ ವರ್ಷದಲ್ಲಿ ಹೆಚ್ಚು ಪಾಲು ಹಸು, ಎಮ್ಮೆ, ಕುರಿ, ಕೋಳಿಯದು. ನಾಯಿ ಪ್ರೀತಿಯಿಂದ ಸೇರಿದ ಎಷ್ಟೋ ಮಕ್ಕಳು ಮೊದಲ ವರ್ಷ ಬೆಪ್ಪಾಗುವುದನ್ನು ನೋಡಿದ್ದೇನೆ. ಹಾಗಾಗಿ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಒಂದು ವಾರ ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿಕೊಂಡು ಅವರ ಜೊತೆ ಹಳ್ಳಿ ಸುತ್ತಲಿ. ಮಳೆಯಲ್ಲಿ, ಸೆಗಣಿಯ ನಡುವೆ, ಕರು ಅಡ್ಡ ಸಿಕ್ಕಿಕೊಂಡ ಹಸುವಿನ ಹಿಂದೆ ತೋಳು ಪೂರ್ತಿ ಒಳಗೆ ಹಾಕಿ ಮಲಗಿದ ಡಾಕ್ಟರನ್ನು ನೋಡಿದ ಮೇಲೂ ಇದೇ ಬೇಕು ಎಂದರೆ, ಆಗ ಕೋಚಿಂಗಿಗೆ ಹಣ ಕಟ್ಟಿ.

ಮೊದಲ ಚುಚ್ಚುಮದ್ದು ಈ ವಾರವೇ ಹಾಕಿಸಿ. ಮೂರನೆಯದು ಆಗುವವರೆಗೆ ಅವಳು ಸುಮ್ಮನೆ ಕೂರುವುದಿಲ್ಲ ಎಂದು ನನಗೆ ಗೊತ್ತು. ಅಕ್ಕಪಕ್ಕದ ಮನೆಗಳಿಂದ ಹಳೆಯ ದಿನಪತ್ರಿಕೆ ಒಟ್ಟು ಮಾಡಲಿ, ಮರಿಗಳ ಗೂಡಿಗೆ ದಿನಕ್ಕೆ ಕಟ್ಟುಗಟ್ಟಲೆ ಬೇಕಾಗುತ್ತದೆ. ಅತ್ತೆಯವರ ಪೆಟ್ಟಿಗೆಯಲ್ಲಿ ಸವೆದ ಹತ್ತಿ ಸೀರೆಗಳಿದ್ದರೆ ಕೇಳಿ ನೋಡಿ. ಒಗೆದು ಒಗೆದು ಮೆತ್ತಗಾದ ಸೀರೆ ನಾಲ್ಕು ಮಡಿಕೆ ಮಾಡಿ ಹಾಸಿದರೆ ಮರಿಗಳು ಅದರ ಮೇಲೆ ಮಲಗಿದಷ್ಟು ಹೊತ್ತು ಬೇರೆ ಯಾವುದರ ಮೇಲೂ ಮಲಗುವುದಿಲ್ಲ. ಜರಿ ಅಂಚು ಮಾತ್ರ ಕತ್ತರಿಸಿ ಕಳುಹಿಸಿ, ಅಗಿದು ನುಂಗಿಬಿಡುತ್ತವೆ.